ಉಪ್ಪು ಮುಟ್ಟದ ಭಾವ

ಮೂವತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ದುಡಿದೂ ಉಪ್ಪು ಮುಟ್ಟದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ಅವರು ನನ್ನ ಭಾವ. ನನ್ನ ಸ್ವಂತ ಅಕ್ಕ ಇಂಥವರನ್ನು ಮದುವೆಯಾಗಿದ್ದಾಳೆ ಎಂದು ನಂಬಲಿಕ್ಕೇ ನನಗೆ ಎರಡು ವರ್ಷ ಹಿಡಿಯಿತು!

ನಾವಿಬ್ಬರೂ ಚೆನ್ನೈಯ ಪೋರೂರಿನ ಒಂದೇ ಹೋಟೆಲಿನಲ್ಲಿ. ನಾನು ಅಡುಗೆ ಮಾಸ್ಟರು, ಭಾವ ತರಕಾರಿ ಹೆಚ್ಚುವವರು. ಅವರು ಹೆಚ್ಚಿದ ಬೀನ್ಸು ಅಳತೆ ಹಿಡಿದರೂ ಒಂದೇ ಸಮ. ಮೂಗು ಇನ್ನೂ ಚುರುಕು. ಸಾಂಬಾರಿನ ಹಬೆ ಬಡಿದರೆ ಸಾಕು, "ಮೆಂತೆ ಒಂಚೂರು ಕಪ್ಪಾಯ್ತಲ್ಲ ಮಾರಾಯ" ಅನ್ನುತ್ತಾರೆ, ನಾನು ನೋಡಿದರೆ ಆಗಿಯೇ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದವರು ಉಪ್ಪಿನ ಡಬ್ಬ ಕಂಡರೆ ಮಾತ್ರ ಹಾವು ಕಂಡವರ ಹಾಗೆ ಎರಡು ಹೆಜ್ಜೆ ಹಿಂದೆ!

ಕಾರಣ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಉಪ್ಪಿಗೆ ಒಬ್ಬರದೇ ಕೈ. ಇಬ್ಬರು ಹಾಕಿದರೆ ಕೆಟ್ಟಿತು. ಹದಿನೆಂಟರ ಹರೆಯದಲ್ಲಿ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಭಾವ ಕೆಡಿಸಿದರು. ಹಿರಿಯ ಭಟ್ಟರು ಉಪ್ಪು ಹಾಕಿ ಹೋಗಿದ್ದು ಗೊತ್ತಿಲ್ಲದೆ ಇವರೂ ಒಂದು ಬೊಗಸೆ ಸುರಿದರು. ಪಾತ್ರೆ ಪೂರ್ತಿ ಚರಂಡಿಗೆ ಹೋಯಿತು. "ನಿನ್ನ ಕೈಗೆ ಉಪ್ಪಿನ ಅಂದಾಜು ಈ ಜನ್ಮದಲ್ಲಿ ಬರ್ಲಿಕ್ಕಿಲ್ಲ, ಇನ್ನು ಮುಟ್ಟಬೇಡ" ಎಂದು ಭಟ್ಟರು ಗುಡುಗಿದರು. ಮರುದಿನ ಅವರಿಗೇ ಅದು ಮರೆತು ಹೋಗಿತ್ತು. ಈಗ ಅವರು ತೀರಿಕೊಂಡೇ ಎಷ್ಟೋ ವರ್ಷವಾಯಿತು. ಆದರೆ ಭಾವನ ಪಾಲಿಗೆ ಅದು ಕೋರ್ಟಿನ ತೀರ್ಪು, ಮೇಲ್ಮನವಿಯೇ ಇಲ್ಲ!

ಮನೆಯಲ್ಲಿ ಉಪ್ಪು ಅಕ್ಕನ ಇಲಾಖೆ. ಒಮ್ಮೆ ಅಕ್ಕ ಒಂದು ವಾರ ಊರಿಗೆ ಹೋದಳು. ಭಾವ ದಿನಾ ಸಾರು ಕುದಿಸಿ, ಪಾತ್ರೆ ಹೊತ್ತುಕೊಂಡು ಎರಡನೇ ಮಹಡಿಯ ತಮಿಳು ಮಾಮಿಯ ಬಾಗಿಲು ತಟ್ಟಿದರು. "ಕೊಂಜಂ ಉಪ್ಪು ಪೋಡುಂಗ ಮಾಮಿ!" ಒಂಚೂರು ಉಪ್ಪು ಹಾಕಿ ಅಂತ! ಪಾಪ, ಮಾಮಿ ಈ ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲ ಎಂದುಕೊಂಡರು. ಅಕ್ಕ ಬಂದು ನೋಡಿದರೆ ಬಾಗಿಲಲ್ಲಿ ಮೂರು ಪ್ಯಾಕೆಟ್ ಉಪ್ಪು!

ಇನ್ನೊಮ್ಮೆ ಗಂಟಲು ನೋವು. ಡಾಕ್ಟರು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಮೂರು ದಿನ ಬಿಟ್ಟು, "ಮುಕ್ಕಳಿಸಿದಿರಾ?" ಎಂದು ಕೇಳಿದರೆ ಇವರು, "ಎಂತ ಮಾಡುದು ಡಾಕ್ಟ್ರೆ, ಹೆಂಡತಿ ಊರಿಗೆ ಹೋಗಿದ್ದಳು, ಅವಳ ತಮ್ಮ ರಜೆಯಲ್ಲಿದ್ದ!"

ನಗು ಬರುತ್ತದಲ್ಲವೇ? ನನಗೆ ಬರುವುದಿಲ್ಲ ಸ್ವಾಮಿ, ಮೈ ಉರಿಯುತ್ತದೆ! ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. "ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂದು ಮಾಸ್ಟರು ಅಪ್ಪನ ಎದುರೇ ಹೇಳಿದ್ದರು. ನಾನೂ ನಂಬಿದೆ, ಮಧ್ಯಾಹ್ನದ ಊಟದವರೆಗೆ. ಇವತ್ತು ನಾನ್ನೂರು ಜನರ ಸಾಂಬಾರಿಗೆ ಬೇಳೆ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿ! ಚೆನ್ನೈಗೆ ಬಂದಾಗ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಿ ಕಲಿತೆ. ಒಮ್ಮೆ ಗಿಂಡಿಗೆ ಹೊರಟವನು ಊರಿನ ಇನ್ನೊಂದು ತುದಿಯ ಮಾಧವರಂನಲ್ಲಿ ಇಳಿದೆ. ಅದು ಬಸ್ಸಿನ ತಪ್ಪೂ ಅಲ್ಲ, ಕಂಡಕ್ಟರನ ತಪ್ಪೂ ಅಲ್ಲ, ನನ್ನದೇ. ಮರುದಿನ ಸರಿಯಾಗಿ ಓದಿದೆ. ಅಷ್ಟೇ ಅಲ್ಲವೇ?

ಹೀಗಿರುವಾಗ ಕಳೆದ ತಿಂಗಳು ಹೋಟೆಲಿಗೆ ತರಕಾರಿ ಹೆಚ್ಚುವ ಮಿಷನ್ನು ಬಂತು. ಧಣಿಗಳು ನನ್ನನ್ನು ಕರೆದು, "ಗಿಂಡಿಯಲ್ಲಿ ಕ್ಯಾಂಟೀನು ತಗೊಂಡಿದ್ದೇನೆ. ನಿನ್ನ ಭಾವ ಸೋಮವಾರದಿಂದ ಅಲ್ಲಿ ಒಲೆಗೆ ನಿಲ್ಲಲಿ. ಇಲ್ಲಾಂದ್ರೆ ನನ್ನ ಹತ್ರ ಅವರಿಗೆ ಕೆಲಸ ಇಲ್ಲ" ಅಂದರು.

ಓಡಿ ಬಂದು ಭಾವನಿಗೆ ಹೇಳಿದೆ. ಅವರು ಶಾಂತವಾಗಿ ಬದನೆಕಾಯಿ ಸೀಳುತ್ತಾ, "ಬಿಡು ಮಾರಾಯ, ಈ ಕೈಯಲ್ಲಿ ಅಷ್ಟೇ ಬರೆದದ್ದು" ಅಂದರು.

"ಕೈಯಲ್ಲಿ ಎಂತದೂ ಬರೆದಿಲ್ಲ ಭಾವ! ಮಗಳಿಗೆ ಇನ್ನೂ ಎರಡು ವರ್ಷ ಕಾಲೇಜುಂಟು. ಅವಳಿಗೆ ಎಂತ ಹೇಳ್ತೀರಿ? ಭಟ್ಟರು ಬೈದಿದ್ದರು ಅಂತಲಾ?"

ಅವರು ಇನ್ನೊಂದು ಬದನೆಕಾಯಿ ಎತ್ತಿಕೊಂಡರು. ಹೋಳು ಮಾತ್ರ ಆ ದಿನ ಒಂದೇ ಸಮ ಬರಲಿಲ್ಲ.

ನಾನು ಉಪಾಯ ಹೂಡಿದೆ. ಶುಕ್ರವಾರ ಉಪ್ಪನ್ನು ನೀರಲ್ಲಿ ಕರಗಿಸಿ, "ಭಾವ, ಸಾಂಬಾರಿಗೆ ಆ ಚೊಂಬಿನ ನೀರು ಹೊಯ್ಯಿರಿ" ಎಂದೆ. ಹೊಯ್ದರು. ಗಿರಾಕಿಗಳು ಎರಡೆರಡು ಸಲ ಸಾಂಬಾರು ಹಾಕಿಸಿಕೊಂಡರು. ನಾನು ಕುಣಿಯುವುದೊಂದು ಬಾಕಿ. "ನೋಡಿದಿರಾ! ಅದು ಉಪ್ಪುನೀರು! ಇವತ್ತು ಉಪ್ಪು ಹಾಕಿದ್ದು ನೀವೇ!"

ಭಾವ ನನ್ನನ್ನು ಮರುಕದಿಂದ ನೋಡಿದರು. "ಕರಗಿಸಿದ್ದು ಯಾರು?"

"ನಾನು."

"ಅಂದಾಜು ಯಾರದ್ದು?"

"...ನನ್ನದು."

"ಮತ್ತೆಂತ? ನಾನು ಬರೀ ನಲ್ಲಿ!"

ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಅವರು ಹೇಳಿದ್ದು ಸರಿ ಅನ್ನಿಸಿದ್ದಕ್ಕೆ. ಬೇರೆಯವರು ಎಷ್ಟು ನೂಕಿದರೂ ಅಷ್ಟೆ. ಆ ಡಬ್ಬಕ್ಕೆ ಕೈ ಹಾಕಬೇಕಾದವರು ಅವರೇ.

ಸೋಮವಾರ ಅಕ್ಕನ ಒತ್ತಾಯಕ್ಕೆ ನಾನೂ ಜೊತೆಗೆ ಗಿಂಡಿಗೆ ಹೋದೆ. "ಅಪ್ಪಾ, ಆಲ್ ದಿ ಬೆಸ್ಟ್ ಪಾ" ಎಂದು ಅಕ್ಕನ ಮಗಳು ಬಾಗಿಲವರೆಗೆ ಬಂದು ಹೇಳಿದ್ದಳು. ಕ್ಯಾಂಟೀನಿನಲ್ಲಿ ಬೇಳೆ ಬೆಂದಿತು, ಹುಳಿ ಕುದಿಯಿತು. ಭಾವ ಉಪ್ಪಿನ ಡಬ್ಬವನ್ನು ನನ್ನ ಕಡೆಗೆ ಮೆಲ್ಲಗೆ ತಳ್ಳಿದರು.

"ಇವತ್ತೊಂದು ದಿನ ನೀನು ಹಾಕು."

"ಇಲ್ಲ."

"ಕೆಟ್ಟುಹೋದ್ರೆ?"

"ಕೆಟ್ಟರೆ ನಿಮ್ಮದು. ಚೆನ್ನಾಗಿ ಬಂದರೂ ನಿಮ್ಮದೇ!" ಎಂದವನೇ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತೆ. ಹೋಗುವ ಬಸ್ಸಿನ ಬೋರ್ಡನ್ನೆಲ್ಲ ಓದಿದೆ, ಒಂದೂ ತಲೆಗೆ ಹೋಗಲಿಲ್ಲ, ಸುಳ್ಳೇಕೆ ಹೇಳಲಿ?

ಹದಿನೈದು ನಿಮಿಷ ಕಳೆಯಿತು. ಭಾವ ಎಡಗೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮುಖವೆಲ್ಲ ಬೆವರು.

"ಉಪ್ಪು ಒಂಚೂರು ಹೆಚ್ಚಾಯ್ತು ಮಾರಾಯ" ಅಂದರು. ಮತ್ತೆ ನನ್ನ ಮುಖ ನೋಡಿ, "ನಾನೇ ಹಾಕಿದ್ದು."

ಬೇಳೆ ಬೇಯಿಸಿ ಸೇರಿಸಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಸೌಟು ಎತ್ತಿ ತಡೆದರು.

"ನೀನು ಹೇಳಬೇಡ. ಇನ್ನೊಂದಿಷ್ಟು ಬೇಳೆ ಒಲೆ ಮೇಲಿಟ್ಟು ಬಂದಿದ್ದೇನೆ. ನಾನು ಸರಿಮಾಡ್ತೇನೆ."

ಭಾವ ತಿರುಗಿ ಒಳಗೆ ನಡೆದರು. ಅವರ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು, ಬೆರಳ ಸಂದಿಯಲ್ಲಿ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಹಾಕಿ ಉಳಿದ ನಾಲ್ಕು ಹರಳನ್ನು ಡಬ್ಬಕ್ಕೂ ಹಿಂದೆ ಹಾಕದೆ, ಕೆಳಗೂ ಚೆಲ್ಲದೆ, ಅವರು ಜೋಪಾನವಾಗಿ ಹಿಡಿದುಕೊಂಡಿದ್ದರು.