ಕಾಕಾನ ಅಂಗಾಲಿನ ಮೆಹಂದಿ

ಬರೆದಿಟ್ಟರೆ ಯಾವ ಉಪದ್ರವವೂ ಅರ್ಧ ಕಡಿಮೆಯಾಗುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ನೆಗಡಿ ಬಂದರೆ ಬಂದ ತಾರೀಖು, ಹೋದರೆ ಹೋದ ತಾರೀಖು ನನ್ನ ದಿನಚರಿಯಲ್ಲಿ ಸಿಗುತ್ತವೆ. ಜೇವರ್ಗಿಯ ತಹಸೀಲ ಕಚೇರಿಯಲ್ಲಿ ಪಗಾರವಿಲ್ಲದೆ ಕೆಲಸ ಕಲಿಯುವ ಉಮೇದವಾರನಾಗಿರುವುದರಿಂದ ಬರೆಯಲು ಬಿಡುವೂ ಉಂಟು. ಹೀಗಾಗಿ, ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕಿದ ಕಾಕಾನಿಗೆ ಸಿಹಿಮೂತ್ರದ ಬೇನೆ ಎಂದು ಗೊತ್ತಾದಾಗ ಅವರ ಎರಡೂ ಕಾಲುಗಳ ಉಸ್ತುವಾರಿ ನನಗೆ ಬಂದದ್ದು ಸಹಜವೇ. ಆವರೆಗೆ ಸರಕಾರ ನನಗೆ ಅಷ್ಟು ದೊಡ್ಡ ಜವಾಬ್ದಾರಿಯನ್ನೇನೂ ಕೊಟ್ಟಿರಲಿಲ್ಲ.

ಈ ಬೇನೆ ಹಿಡಿದ ಕಾಲಿನ ಸ್ವಭಾವ ವಿಚಿತ್ರ. ಏನೂ ತಾಗದಿದ್ದಾಗ ಕೆಂಡ ತುಳಿದಂತೆ ಉರಿಯುತ್ತದೆ. ಕೆಂಡವನ್ನೇ ತುಳಿದರೆ ಸುಮ್ಮನಿರುತ್ತದೆ. ಗುಲಬರ್ಗಾದ ಡಾಕ್ಟರು ಇದನ್ನೇ ಬಿಡಿಸಿ ಹೇಳಿದರು: "ನಿಮ್ಮ ಕಾಲಿನ ನರ ಸುಳ್ಳು ಹೇಳಾಕತ್ತಾವ. ಅವನ್ನ ನಂಬಬ್ಯಾಡ್ರಿ, ಕಣ್ಣು ನಂಬ್ರಿ. ಬರಿಗಾಲಿಲೆ ಅಡ್ಡಾಡಬ್ಯಾಡ್ರಿ. ದಿನಾ ಬೆಳಕಿನ್ಯಾಗ ಅಂಗಾಲು ನೋಡ್ರಿ, ಎಲ್ಲೆರೆ ಕೆಂಪು ಕಂಡ್ರ ಅವತ್ತೇ ಬರ್ರಿ. ತಡಾ ಆದ್ರ ಮೊದಲ ಬೆರಳು ಹೋಗ್ತದ, ಆಮ್ಯಾಲ ಕಾಲು." ಕಾಕಾ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎಂದರು. ದವಾಖಾನೆಯ ಒಳಗೆ ಅವರಷ್ಟು ವಿಧೇಯ ಮನುಷ್ಯ ಇನ್ನೊಬ್ಬನಿಲ್ಲ. ಮೆಟ್ಟಿಲಿಳಿದ ಮೇಲಿನ ಸಂಗತಿ ಬೇರೆ.

ಕಾಕಾನದು ಬಜಾರದಲ್ಲಿ ಅರಿವೆ ಅಂಗಡಿ. ಗಾದಿಯ ಮೇಲೆ ಕಾಲು ಚಾಚಿ ಕುಳಿತ ವ್ಯಾಪಾರಿಯನ್ನು ಕಂಡರೆ ಗಿರಾಕಿಗಳು ಧೋತರದ ಮಾತು ಬಿಟ್ಟು ಕಾಲಿನ ಮಾತು ತೆಗೆಯುತ್ತಿದ್ದರು. ಬೆಣ್ಣೆ ಎಂದವರುಂಟು, ಲೋಳೆಸರ ಎಂದವರುಂಟು, ಬಿಸಿ ಇಟ್ಟಿಗೆಯ ಶಾಖ ಎಂದು ಹೇಳಿ ನನ್ನ ಎದೆ ಒಡೆಸಿದವರೂ ಉಂಟು. ನಾನು ಮದ್ದಿನ ಹೆಸರು ಒಂದು ಕಡೆ, ಉರಿಯ ಏರಿಳಿತ ಇನ್ನೊಂದು ಕಡೆ ಬರೆಯುತ್ತಾ ಹೋದೆ. ತಿಂಗಳ ಕೊನೆಗೆ ಕೂಡಿಸಿ ನೋಡಿದಾಗ ಸ್ಪಷ್ಟವಾದದ್ದು ಇಷ್ಟು: ಸಲಹೆ ಕೊಟ್ಟವರು ಎದುರಿಗೆ ಕುಳಿತಿರುವಷ್ಟು ಹೊತ್ತು ಉರಿ ಕಡಿಮೆ, ಅವರು ಎದ್ದು ಹೋದ ಕೂಡಲೇ ಹೆಚ್ಚು. ಕಾಕಾ ಬಹಳ ಮರ್ಯಾದಸ್ಥರು.

ಮರ್ಯಾದೆಯ ಹಂಗಿಲ್ಲದೆ ಗುಣ ಕಂಡದ್ದು ಒಂದೇ ಮದ್ದಿನಿಂದ. ಪಕ್ಕದ ಮನೆಯ ಬೂಬಮ್ಮ ಒಂದು ದಿನ ಬಟ್ಟಲಲ್ಲಿ ಅರೆದ ಮೆಹಂದಿ ತಂದರು. "ಹಚ್ರಿ ಭಾಯಿ, ಕಾಲು ಠಂಡಾ ಆಗ್ತದ. ನಮ್ಮ ಅಬ್ಬಾಗೂ ಇದೇ ಹಚ್ತಿದ್ವಿ." ಕಾಕಾ ಹಚ್ಚಿಸಿಕೊಂಡರು. ಹಿತವೆನಿಸಿತು. ಮರುದಿನ ಎರಡೂ ಅಂಗಾಲು ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಕೆಂಪಗೆ ಬೆಳಗುತ್ತಿದ್ದವು. "ಈ ವಯಸ್ಸಿನ್ಯಾಗ ಮದುಮಗನಂಗ ಕುಂತಾರ ನೋಡು," ಎಂದು ಕಾಕಿ ಮುಖ ತಿರುಗಿಸಿ ನಕ್ಕರು.

ನನಗೆ ನಗು ಬರಲಿಲ್ಲ. "ಕಾಕಾ, ಡಾಕ್ಟರ್ ಸಾಹೇಬ್ರು ಕೆಂಪು ನೋಡಂದಾರ್ರಿ."

"ನೋಡು ಮತ್ತ. ಬೇಕಾದಷ್ಟು ಅದ."

ಬಣ್ಣ ಮಾಸಿದಂತೆಲ್ಲ ಬೂಬಮ್ಮನ ಬಟ್ಟಲು ಮತ್ತೆ ಬರುತ್ತಿತ್ತು. ನನ್ನ ಕಣ್ಣಿಗೆ ಕೆಲಸವಿಲ್ಲದಂತಾಗಿ, ಸಂಜೆ ಅಂಗಾಲಿನ ಮೇಲೆ ಅಂಗೈ ಆಡಿಸಿ ನೋಡುವ ಪದ್ಧತಿಯನ್ನು ಶುರು ಮಾಡಿದೆ. ಅಷ್ಟರಲ್ಲಿ ಜೋಳದ ರಾಶಿಯ ದಿನಗಳು ಬಂದವು. ಕಾಕಾ ಚಪ್ಪಲಿ ಮೆಟ್ಟಿಕೊಂಡೇ ಹೊಲಕ್ಕೆ ಹೋಗಿ, ಮೂರು ದಿನ ಅಲ್ಲೇ ಇದ್ದು ಬಂದರು. ಅಂದು ಸಂಜೆ ಹಿಮ್ಮಡಿಯ ಹತ್ತಿರ ಕೈ ಆಡಿಸುತ್ತಿದ್ದವನು ಹೋ ಎಂದು ಕಿರುಚಿದೆ. ಕಾಕಿ ರೊಟ್ಟಿ ಬಿಟ್ಟು ಓಡಿ ಬಂದರು.

"ಏನಾತಲೇ?"

"ಮುಳ್ಳು!"

"ಎಲ್ಲಿ?"

"ಅವನ ಬೆರಳಿಗೆ," ಎಂದರು ಕಾಕಾ, ನಿಶ್ಚಿಂತೆಯಿಂದ. "ನನಗೇನಾಗಿಲ್ಲ."

ದೀಪ ತಂದು ನೋಡಿದರೆ ಜಾಲಿಮುಳ್ಳೊಂದು ಹಿಮ್ಮಡಿಯೊಳಗೆ ಮುರಿದು ನಿಂತಿತ್ತು. ಅದರ ಮೊನಚು ಸಿಬಿರೇ ನನಗೆ ಚುಚ್ಚಿದ್ದು. ಸುತ್ತ ಬಾವು ಬಂದು ಬಿಸಿಯಾಗಿತ್ತು. "ಚಪ್ಪಲಿ ಎಲ್ಲಿ ಬಿಟ್ಟಿದ್ರಿ?" ಎಂದು ಕಾಕಿ ಕೇಳಿದರು. "ಕಣದಾಗ ಚಪ್ಪಲಿ ಹಾಕ್ಕೊಂಡು ಕಾಲಿಡಾಕ ಬರ್ತದೇನ? ಅನ್ನ ಬೀಳೋ ಜಾಗ ಅದು," ಎಂದರು ಕಾಕಾ. ನಾವೂ ಅಲ್ಲಿ ಚಪ್ಪಲಿ ಕಳಚುವವರೇ.

ಬೆಳಗಾಗುತ್ತಲೇ ಭೀಮೆ ದಾಟಿ ಗುಲಬರ್ಗಾಕ್ಕೆ ಹೋದೆವು. ದಾರಿಯುದ್ದಕ್ಕೂ ಕಾಕಾ ತಮ್ಮ ಪಾದವನ್ನೇ ನೋಡುತ್ತಾ ಕುಳಿತಿದ್ದರು, ಹಿಂದಿರುಗುವಾಗ ಅದು ಜೊತೆಗಿರುತ್ತದೋ ಇಲ್ಲವೋ ಎಂಬಂತೆ. ಡಾಕ್ಟರು ಮುಳ್ಳು ತೆಗೆದು, ಕೀವು ತೊಳೆದು, ಅಂಗಾಲಿನ ಬಣ್ಣ ನೋಡಿ ತಲೆ ಚಚ್ಚಿಕೊಂಡರು. "ಇನ್ನೆರಡು ದಿನ ಬಿಟ್ಟು ಬಂದಿದ್ರ ನಾ ಗರಗಸ ಹುಡುಕಬೇಕಾಗ್ತಿತ್ತು. ಯಾರು ನೋಡಿದ್ರು ಇದನ್ನ?"

"ನೋಡಿಲ್ರಿ," ಎಂದರು ಕಾಕಾ. "ಇಂವಾ ಚೀರಿದ."

ಗಾಯ ಮಾಯಲು ಬಹಳ ದಿನ ಹಿಡಿಯಿತಾದರೂ ಕಾಲು ಉಳಿಯಿತು. ಬೂಬಮ್ಮನ ಬಟ್ಟಲು ನಿಂತಿತು. ಕಾಕಿ ಗೋಣಿತಟ್ಟನ್ನು ನಾಲ್ಕು ಮಡಿಕೆ ಹೊಲಿದು ಕಣಕ್ಕೆಂದೇ ಪಾದದ ಚೀಲ ಮಾಡಿಕೊಟ್ಟರು. ಅದು ಚರ್ಮವಲ್ಲವಾದ್ದರಿಂದ ಕಣಕ್ಕೂ ಅವಮಾನವಿಲ್ಲ, ಡಾಕ್ಟರಿಗೂ ಇಲ್ಲ. ಉರಿ ಮಾತ್ರ ಇದ್ದೇ ಇದೆ. ತಣ್ಣೀರಲ್ಲಿ ಅದ್ದಿದ ಅರಿವೆ ಸುತ್ತಿಕೊಂಡು ಕಾಕಾ ಅದರೊಡನೆ ಸಂಸಾರ ನಡೆಸಿದ್ದಾರೆ. ಈಗ ಅಂಗಡಿಗೆ ಬಂದವರು "ಮುಳ್ಳು ಬಾಳ ನೋವಾತೇನ್ರಿ?" ಎಂದು ಕೇಳಿದರೆ ಕಾಕಾ ನನ್ನ ಕಡೆ ಕೈ ತೋರಿಸುತ್ತಾರೆ: "ನೋವಿನ ಇಲಾಖಾ ಅವನ ಕಡೆ ಅದರಿ, ಅವನ್ನ ಕೇಳ್ರಿ." ಕೇಳುತ್ತಾರೆ. ನಾನೂ ಮೊದಲಿನಿಂದ ಸವಿಸ್ತಾರವಾಗಿ ಹೇಳುತ್ತೇನೆ. ಕೊನೆಗೆ ಅವರು ಕನಿಕರದಿಂದ "ಎಲ್ಲಿ, ತೋರಸ್ರಿ" ಎಂದಾಗ, ಯಾವ ಬೆರಳೆಂದು ದಿನಚರಿಯಲ್ಲಿ ಬರೆದಿಡದ ನನಗೇ ನೆನಪಾಗದೆ, ಪ್ರತಿ ಸಲವೂ ಬೇರೆ ಬೇರೆ ಬೆರಳು ತೋರಿಸುತ್ತಿದ್ದೇನೆ.