ಹಸಿರು ದೀಪವೂ ಅರ್ಧ ಗೇಣು ತಂತಿಯೂ

ಮೇಲೆ ಹತ್ತಿ ಮಾಡಬೇಕಾದ ಕೆಲಸವನ್ನು ಕೆಳಗೆ ಕುಳಿತೇ ಮುಗಿಸುವುದರಲ್ಲಿ ನಾನು ಎತ್ತಿದ ಕೈ. ತಾರಸಿಯ ಟ್ಯಾಂಕು ತುಂಬಿದೆಯೇ ನೋಡಿ ಬನ್ನಿ ಎಂದು ಹೆಂಡತಿ ಹೇಳಿದರೆ, ಬಚ್ಚಲ ನಲ್ಲಿ ತಿರುಗಿಸಿ, ನೀರು ಬಂದರೆ ‘ತುಂಬಿದೆ’ ಎನ್ನುತ್ತೇನೆ. ಇಂಥ ನಾನು ಹರವೆ ಕಡೆ ಅರಿಸಿನ ಬೇಯಿಸುವ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್.

ನಮ್ಮಲ್ಲಿ ಮೂವತ್ತಡಿ ಎತ್ತರದ ನೀರಿನ ಟ್ಯಾಂಕಿದೆ. ತುಂಬಿದೊಡನೆ ಮೇಲಿನ ಸ್ವಿಚ್ಚು ಕೆಳಗಿನ ಪ್ಯಾನೆಲ್ಲಿಗೆ ಸುದ್ದಿ ಕಳಿಸಬೇಕು, ಪಂಪು ನಿಲ್ಲಬೇಕು. ಹೋದ ತಿಂಗಳು ಅಳಿಲು ತಂತಿ ಕಡಿಯಿತು. ಸುದ್ದಿ ಬರಲಿಲ್ಲ, ಪಂಪು ನಿಲ್ಲಲಿಲ್ಲ. ಕೆಳಗೆ ಒಣಹಾಕಿದ್ದ ಭೀಮನಬೀಡಿನ ರೈತ ಮಾದಪ್ಪಣ್ಣನವರ ಅರಿಸಿನವೆಲ್ಲ ನೆನೆದು ಬಣ್ಣಗೆಟ್ಟಿತು. ಅದಕ್ಕೇ ಮಾಲೀಕರು ತಂತಿ ತುಂಡಾದರೆ ಸೈರನ್ ಕೂಗಿಸುವ ಮಾಡ್ಯೂಲ್ ತಂದುಕೊಟ್ಟರು. ತಂತಿಯ ತುದಿಗೆ ಎರಡು ರೆಸಿಸ್ಟರ್ ಹಾಕಬೇಕಂತೆ. ಸ್ವಿಚ್ಚು ಸುಮ್ಮನಿದ್ದಾಗಲೂ ಅವುಗಳ ಮೂಲಕ ಚೂರು ಕರೆಂಟು ಹರಿಯುತ್ತಿರುತ್ತದೆ. ಅದು ನಿಂತರೆ ತಂತಿ ಕಡಿದಿದೆ ಎಂದರ್ಥ. ತಂತಿಗೆ ಎರಡು ತುದಿ ಇರುತ್ತವಲ್ಲ? ನಾನು ಫ್ಯಾನಿನ ಕೆಳಗಿದ್ದ ತುದಿಯನ್ನು ಆರಿಸಿಕೊಂಡೆ. ‘ಎಲ್ಲ ಸರಿ’ ಎನ್ನುವ ಹಸಿರು ದೀಪ ಹತ್ತಿತು.

ಹೊಸ ಅರಿಸಿನ ಹರವಿಸುವ ಮೊದಲು ಮಾದಪ್ಪಣ್ಣ ಬಂದು ನಿಂತರು. “ತಂತಿ ಕಿತ್ರೆ ಕೂಗ್ತದಾ?”

“ಕೂಗ್ತದೆ ಕಣಣ್ಣ, ನಂಬಿ.”

“ನಂಬಿ ಒಂದ್ಸಲ ನೆನೆಸ್ಕಂಡಿವ್ನಿ. ಇದೂ ನೆಂದ್ರೆ ನನ್ ವರ್ಸದ ಬೆಳೆನೇ ಓಯ್ತದೆ” ಎಂದವರೇ, ಅರವತ್ತು ದಾಟಿದ ಮನುಷ್ಯ, ಸರಸರ ಏಣಿ ಹತ್ತಿ ಸ್ವಿಚ್ಚಿನ ತಂತಿ ಎಳೆದರು. “ಕಿತ್ಬುಟ್ಟೆ ಕಣ್ಲಾ!”

ದೀಪ ಹಸಿರಾಗಿಯೇ ಇತ್ತು. ಸೈರನ್ ಉಸಿರೆತ್ತಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಥ ದರಿದ್ರ ಮಾಲು ಮಾರುತ್ತಾರಪ್ಪ ಇವರು! ಮಾದಪ್ಪಣ್ಣ ಇಳಿದು ಬಂದ ಮೇಲೆ, ಅವರಿಗೂ ಕೇಳಲಿ, ಅರಿಸಿನ ಹರವಲು ಬಂದಿದ್ದ ಹೆಂಗಸರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮಾಡ್ಯೂಲ್ ಕಂಪನಿಗೆ ಫೋನ್ ಮಾಡಿದೆ. ಬಾಯಿಗೆ ಬಂದಂತೆ ಬೈದೆ. ಆ ಕಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು, “ರೆಸಿಸ್ಟರ್ ಎಲ್ಲಿ ಹಾಕಿದ್ದೀರಾ ಸರ್?” ಎಂದಳು.

“ಪ್ಯಾನೆಲ್ಲಿನಲ್ಲೇ.”

“ಸ್ವಿಚ್ಚಿನ ಹತ್ರ ಹಾಕ್ಬೇಕು ಸರ್. ಈಗ ಅದು ಪ್ಯಾನೆಲ್ ಒಳಗಿನ ಅರ್ಧ ಗೇಣು ತಂತೀನ ಮಾತ್ರ ಕಾಯ್ತಿದೆ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮಾದಪ್ಪಣ್ಣ ನಗಲಿಲ್ಲ. ಏಣಿಯ ಕಡೆ ಕೈ ತೋರಿಸಿದರು, ಅಷ್ಟೇ.

ಹತ್ತಿದೆ. ಕೆಳಗೆ ನೋಡದೆಯೇ ರೆಸಿಸ್ಟರ್ ಜೋಡಿಸಿ, ತಂತಿ ಸೇರಿಸಿ, ಮತ್ತೆ ಕಿತ್ತೆ. ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಿತು. ತಂತಿ ಸೇರಿಸಿದೆ, ನಿಂತಿತು.

“ಸುರೀರ್ಲಾ ಅರ್ಸ್ನವ!” ಎಂದು ಖುಷಿಯಿಂದ ಕೂಗುತ್ತ ಮಾದಪ್ಪಣ್ಣ ಹೊರಟರು. ಎಲ್ಲರೂ ಅವರ ಹಿಂದೆಯೇ ಹೋದರು. ಆಮೇಲೆ ಕಾರ್ಖಾನೆಯಲ್ಲಿ ಕೂಗುತ್ತಿದ್ದವನು ನಾನೊಬ್ಬನೇ: “ಅಣ್ಣಾ, ಯಾರಾದ್ರೂ ಬಂದು ಏಣಿ ಹಿಡ್ಕೊಳ್ರಪ್ಪಾ, ಇಳಿಯೋಕಾಗ್ತಿಲ್ಲ!”