ಸಕ್ಕರೆ ಗೋಡೆಗೆ ನೀರು

ಹೆಂಡತಿ: ಬಿಸ್ಕತ್ತಿನ ಮನೆಗೆ ತಳಪಾಯ ಯಾಕ್ರೀ? ತಟ್ಟೆ ಮೇಲೆ ನಿಂತಿರುತ್ತೆ, ಸಂಜೆ ಹೊಟ್ಟೆಗೆ ಹೋಗುತ್ತೆ.

ಗಂಡ: ಹೊಟ್ಟೆಗೆ ಹೋಗೋವರೆಗಾದ್ರೂ ನಿಂತಿರಬೇಕಲ್ಲ.

ಜೀವಮಾನವೆಲ್ಲ ಕಟ್ಟಡ ಕಟ್ಟಿಸಿ ನಿವೃತ್ತರಾದ ಎಂಜಿನಿಯರು ಅಡುಗೆಮನೆಯ ಮೇಜಿನ ಮುಂದೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನಿಂತಿದ್ದರು. ಮೇಜಿನ ಮೇಲೆ ಶುಂಠಿ ಬೆರೆಸಿ ಬೇಯಿಸಿದ ಬಿಸ್ಕತ್ತಿನ ಗೋಡೆಗಳು, ಛಾವಣಿಯ ಹಲಗೆಗಳು. ಸಂಜೆ ಮೊಮ್ಮಗಳ ಹುಟ್ಟುಹಬ್ಬ. ಪ್ರತಿ ವರ್ಷ ದೊಡ್ಡ ಅಂಗಡಿಯ ಕೇಕು ತಂದು, ಬಂದವರೆಲ್ಲರ ಮುಂದೆ ಅದರ ಗುಣಗಾನ ಮಾಡುತ್ತಿದ್ದವರು ಬೀಗಿತ್ತಿ, ಅಂದರೆ ಮಗಳ ಅತ್ತೆ. "ಈ ಸಲ ನೀವೇನೂ ತರಬೇಡಿ, ನಾನೇ ಕೈಯಾರೆ ಒಂದು ಮನೆ ಮಾಡ್ತೀನಿ" ಎಂದು ಹೆಂಡತಿ ಅವರಿಗೆ ಹೇಳಿಬಿಟ್ಟಿದ್ದರು. ಆಡಿದ ಮಾತು ಈಗ ತುಂಡುತುಂಡಾಗಿ ಮೇಜಿನ ಮೇಲಿತ್ತು.

ಗಂಡ: ಈ ಗೋಡೆ ಎಡಕ್ಕೆ ವಾಲಿದೆ.

ಹೆಂಡತಿ: ಬೀಗಿತ್ತಿಯ ಮನೆ ನೀವೇ ನಿಂತು ಕಟ್ಟಿಸುವಾಗ ಈ ಕಣ್ಣು ಎಲ್ಲಿತ್ತು? ಅವರ ಅಡುಗೆಮನೆ ಸೋರ್ತಿದೆಯಂತೆ.

ಗಂಡ: ಅದು ಸೋರೋದಲ್ಲ ಕಣೆ, ತೇವ.

ಹೆಂಡತಿ: ಹೌದೌದು. ಬಕೆಟ್ಟು ಇಟ್ಟಿರೋದು ತೇವ ಹಿಡಿಯೋಕೆ.

ಗಂಡ: ಬಕೆಟ್ಟು ಇಡೋದು ಅವರ ಹವ್ಯಾಸ. ನೀನು ಗಾರೆ ಕೊಡು.

ಹೆಂಡತಿ: ಗಾರೆ ಅಲ್ಲ, ಐಸಿಂಗು. ಮೊಟ್ಟೆಯ ಬಿಳಿ, ಸಕ್ಕರೆ ಪುಡಿ. ನಾನೇ ಹಚ್ತೀನಿ, ನೀವು ದೂರ ನಿಂತು ತಪ್ಪು ಹುಡುಕಿ. ಅದು ನಿಮಗೆ ಚೆನ್ನಾಗಿ ಬರುತ್ತೆ.

ಗೋಡೆಗಳು ಕೂಡಿಕೊಂಡವು, ಛಾವಣಿ ಏರಿತು. ಚಾಕೊಲೇಟಿನ ಬಾಗಿಲು, ಕಿಟಕಿಗಳ ಸುತ್ತ ಬಣ್ಣದ ಪೆಪ್ಪರಮಿಂಟು. ಹೆಂಡತಿಗೆ ತಮ್ಮ ಕೈಕೆಲಸ ತಮಗೇ ಮೆಚ್ಚುಗೆಯಾಯಿತು.

ಗಂಡ: ಬಾಗಿಲ ಮೇಲೆ ತೊಲೆ ಇಲ್ಲ.

ಹೆಂಡತಿ: ಒಳಗೆ ಸಂಸಾರ ಹೂಡೋದು ಇರುವೆಗಳು. ಅವು ದೂರು ಕೊಡಲ್ಲ. ನಾನು ಬಟ್ಟೆ ಬದಲಾಯಿಸಿ ಬರ್ತೀನಿ. ಮುಟ್ಟಬೇಡಿ.

ಗಂಡ: ಮುಟ್ಟಲ್ಲ.

ಅವರು ಮರಳಿ ಬಂದಾಗ ಛಾವಣಿ ಮನೆಯೊಳಗೆ ವಾಸಕ್ಕೆ ಹೋಗಿತ್ತು. ಗೋಡೆಗಳು ಒಂದರ ಹೆಗಲಿಗೊಂದು ಒರಗಿದ್ದವು. ಗಂಡನ ಕೈಯಲ್ಲಿ ಹೂಕುಂಡಗಳಿಗೆ ನೀರು ಚಿಮುಕಿಸುವ ಬಾಟಲಿ.

ಹೆಂಡತಿ: ಏನ್ರೀ ಮಾಡಿದ್ರಿ?

ಗಂಡ: ಮುಟ್ಟಿಲ್ಲ. ನೀರು ಹೊಡೆದೆ. ಹೊಸ ಗೋಡೆಗೆ ನೀರು ಕುಡಿಸದಿದ್ರೆ ಬಿರುಕು ಬಿಡುತ್ತೆ. ಎಂಥಾ ಮೇಸ್ತ್ರಿಗೂ ಗೊತ್ತಿರೋ ವಿಷಯ.

ಹೆಂಡತಿ: ಸಕ್ಕರೆಗೆ ನೀರು ಬಿದ್ರೆ ಏನಾಗುತ್ತೆ ಅನ್ನೋದು ಕಾಫಿ ಕುಡಿಯೋ ಎಲ್ಲರಿಗೂ ಗೊತ್ತು. ನೀವೂ ಕುಡೀತೀರಲ್ಲ, ದಿನಾ.

ಗಂಡ: ಬಿದ್ದಿಲ್ಲ ಕಣೆ, ಸ್ವಲ್ಪ ಕೂತಿದೆ. ಹೊಸ ಕಟ್ಟಡ ಕೂರೋದು ಸಹಜ.

ಹೆಂಡತಿ: ಕೂತಿಲ್ಲ, ಮಲಗಿದೆ. ನಾನಾಡಿದ ಮಾತೂ ಪಕ್ಕದಲ್ಲೇ ಮಲಗಿದೆ.

ಕರೆಗಂಟೆ ಸದ್ದು ಮಾಡಿತು. ಬೀಗಿತ್ತಿ ಒಳಗೆ ಬಂದರು. ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ.

ಬೀಗಿತ್ತಿ: ನೀವು ಬೇಡ ಅಂದಿದ್ರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರಲಿ ಅಂತ ಒಂದು ಕೇಕು ತಂದೆ.

ಆ 'ಇರಲಿ' ಹೆಂಡತಿಗೆ ಮುಳ್ಳಿನಂತೆ ಚುಚ್ಚಿತು. ಅಷ್ಟರಲ್ಲಿ ಬೀಗಿತ್ತಿಯ ಕಣ್ಣು ಮೇಜಿನ ಮೇಲೆ ಬಿತ್ತು.

ಬೀಗಿತ್ತಿ: ಇದೇನು?

ಹೆಂಡತಿ: ಮನೆ. ಕಟ್ಟಿದ್ದು ನಾನು, ನೀರು ಹೊಡೆದದ್ದು ಇವರು.

ಗಂಡ: ಸ್ವಲ್ಪ ಕೂತಿದೆ, ಅಷ್ಟೆ.

ಬೀಗಿತ್ತಿ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು.

ಬೀಗಿತ್ತಿ: ನಮ್ಮ ಅಡುಗೆಮನೆಗೂ ಇಂಥದೇ ಮಾತು ಹೇಳಿದ್ರಿ, ಬೀಗರೇ. ಸೋರುತ್ತೆ ಅಂದ್ರೆ ನಮ್ಮಲ್ಲಿ ಒಬ್ಬರೂ ನಂಬಲಿಲ್ಲ. ಎಂಜಿನಿಯರೇ ತೇವ ಅಂದ ಮೇಲೆ ನಿನ್ನದೇನು ಅಂತ ನನ್ನ ಬಾಯಿ ಮುಚ್ಚಿಸಿದ್ರು.

ಆಮೇಲೆ ಹೆಂಡತಿಯ ಕಡೆ ತಿರುಗಿದರು.

ಬೀಗಿತ್ತಿ: ನೀವು ಮಾತಿಗೆ ತಪ್ಪಲಿಲ್ಲ ಬಿಡಿ. ಇಂಥ ಸಾಕ್ಷಿ ಯಾವ ಅಂಗಡೀಲಿ ಸಿಗುತ್ತೆ? ಎಲ್ಲರೂ ಬಂದಾಗ ಮಧ್ಯದಲ್ಲಿ ಇದನ್ನೇ ಇಡಿ. ನನ್ನ ಕೇಕು ಮೂಲೇಲಿರಲಿ.

ಇಷ್ಟು ವರ್ಷಗಳ ಬೀಗತನದಲ್ಲಿ ಮೊದಲ ಬಾರಿಗೆ ಆಕೆ ಹೆಂಡತಿಯ ಕಣ್ಣಿಗೆ ಬುದ್ಧಿವಂತೆಯಾಗಿ ಕಂಡರು.

ಹೆಂಡತಿ: ಬನ್ನಿ, ಕೂತ್ಕೊಳ್ಳಿ. ಆ ಕುರ್ಚಿ ಮಾತ್ರ ಬೇಡ. ಅದನ್ನ ರಿಪೇರಿ ಮಾಡಿದ್ದೂ ಇವರೇ.